ಕ್ಷ-ಕಿರಣಗಳೂ ಹೃದಯದ ಧಮನಿಗಳೂ



ರೋಗಿಯ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿಯನ್ನು ನೋಡುವುದು, ಎದೆಗೆ ಕಿವಿಗೊಟ್ಟು ಬಡಿತವನ್ನು ಕೇಳುವುದು: ಹೃದಯದ ಸ್ಥಿತಿಯನ್ನು ತಿಳಿಯಲು ವೈದ್ಯನಿಗೆ ಬಹುಕಾಲದವರೆಗೆ ಇದ್ದ ಉಪಾಯಗಳು ಇಷ್ಟೆ. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಸ್ಟೆತಾಸ್ಕೋಪನ್ನು ನಿರ್ಮಿಸಿದ ಮೇಲೆ ಕಿವಿಯ ಶಕ್ತಿ ಹೆಚ್ಚಿತು. ಆದರೆ ಕಣ್ಣಿಗೆ ಮಾತ್ರ ಎದೆಯ ಗೂಡಿನ ಬಾಗಿಲು ಮುಚ್ಚಿಯೇ ಇದ್ದಿತು. ಆ ಬಾಗಿಲು ಹೇಗೆ ತೆರೆಯಿತು, ತೆರೆದ ಬಾಗಿಲಿನಿಂದ ನಮಗೆ ನಿಜವಾಗಿ ಕಾಣುವುದು ಏನು, ಕಾಣದೆ ಉಳಿಯುವುದು ಏನು ಎಂಬುದೇ ಈ ಭಾಷಣದ ವಿಷಯ.

ಈ ವಿಷಯವು ಪಂಡಿತರಿಗೆ ಮಾತ್ರ ಸಂಬಂಧಪಟ್ಟುದಲ್ಲ. ಮನೆಯ ಯಜಮಾನನಿಗೆ ಎದೆನೋವು ಬಂದು, ವೈದ್ಯರು “ಆಂಜಿಯೋಗ್ರಾಂ ಮಾಡಿಸಬೇಕು” ಎಂದಾಗ ಮನೆಮಂದಿಯೆಲ್ಲ ಕಂಗೆಡುವುದನ್ನು ನಾವು ಕಾಣುತ್ತೇವೆ. ಕೆಲವರು ಆ ಹೆಸರಿಗೇ ಹೆದರಿ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವರು. ಮತ್ತೆ ಕೆಲವರು ಅದರಲ್ಲಿ ಕಂಡುದೆಲ್ಲ ವಿಧಿಲಿಖಿತವೆಂದು ಭಾವಿಸುವರು. ಎರಡೂ ಸರಿಯಲ್ಲ. ಪರೀಕ್ಷೆಯ ಮರ್ಮವನ್ನು ಅರಿತವನಿಗೆ ಭಯವೂ ಕಡಿಮೆ, ಮೋಸವೂ ಕಡಿಮೆ.

1895ನೆಯ ಇಸವಿ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರೋಂಟ್ಗೆನ್ ಎಂಬ ಭೌತಶಾಸ್ತ್ರ ಪ್ರಾಧ್ಯಾಪಕರು ಗಾಳಿ ತೆಗೆದ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ತನ್ನು ಹರಿಯಿಸುತ್ತಿದ್ದರು. ಕೊಳವೆಗೆ ಕಪ್ಪು ಕಾಗದವನ್ನು ಸುತ್ತಿದ್ದಿತು, ಕೋಣೆಯಲ್ಲಿ ಕತ್ತಲೆ. ಹಾಗಿದ್ದರೂ ಸಮೀಪದಲ್ಲಿದ್ದ, ಬೇರಿಯಂ ಲವಣವನ್ನು ಬಳಿದ ಹಲಗೆಯೊಂದು ಮಿನುಗಲಾರಂಭಿಸಿತು. ಕಣ್ಣಿಗೆ ಕಾಣದ ಯಾವುದೋ ಕಿರಣವು ಕಾಗದವನ್ನು ದಾಟಿ ಬರುತ್ತಿದೆಯೆಂದು ಅವರು ಊಹಿಸಿ, ಅದರ ಸ್ವರೂಪವು ಗೊತ್ತಿಲ್ಲದುದರಿಂದ ಗಣಿತದ ಅಜ್ಞಾತ ಚಿಹ್ನೆಯನ್ನೇ ಅದಕ್ಕೆ ಹೆಸರಾಗಿಟ್ಟರು. ಅದೇ ಕನ್ನಡದಲ್ಲಿ ಕ್ಷ-ಕಿರಣವೆನಿಸಿತು. ಅದೇ ಡಿಸೆಂಬರ್ 22ರಂದು ಅವರು ತಮ್ಮ ಪತ್ನಿಯ ಕೈಯ ಚಿತ್ರವನ್ನು ತೆಗೆದರು. ಬೆರಳಿನ ಎಲುಬುಗಳೂ ಉಂಗುರವೂ ಸ್ಪಷ್ಟವಾಗಿ ಕಂಡವು. ಈ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಲೋಕದ ಆಸ್ತಿಯಾಗಿ ಅದನ್ನು ಬಿಟ್ಟುಕೊಟ್ಟರು. 1901ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಬಹುಮಾನವು ಅವರಿಗೆ ಸಂದಿತು.

ತೊಗಲುಬೊಂಬೆಯಾಟವನ್ನು ನೋಡಿದವರಿಗೆ ಕ್ಷ-ಕಿರಣ ಚಿತ್ರದ ರಹಸ್ಯವನ್ನು ತಿಳಿಸುವುದು ಸುಲಭ. ಹಿಂದೆ ದೀಪ, ಮುಂದೆ ಪರದೆ, ನಡುವೆ ಬೊಂಬೆ. ಪ್ರೇಕ್ಷಕನು ನೋಡುವುದು ಬೊಂಬೆಯನ್ನಲ್ಲ, ಪರದೆಯ ಮೇಲೆ ಬಿದ್ದ ಅದರ ನೆರಳನ್ನು. ಕ್ಷ-ಕಿರಣ ಚಿತ್ರವೂ ಇಂತಹ ನೆರಳೇ. ಭೇದವೇನೆಂದರೆ, ದೀಪದ ಬೆಳಕನ್ನು ತಡೆಯುವ ಚರ್ಮಮಾಂಸಗಳು ಈ ಕಿರಣವನ್ನು ಸ್ವಲ್ಪಮಟ್ಟಿಗೆ ಮಾತ್ರ ತಡೆಯುತ್ತವೆ. ಪದಾರ್ಥದ ಪರಮಾಣುಗಳು ಭಾರವಾದಷ್ಟೂ ತಡೆಯುವ ಶಕ್ತಿ ಹೆಚ್ಚು. ಎಲುಬಿನಲ್ಲಿ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇರುವುದರಿಂದ ಅದರ ನೆರಳು ಗಾಢವಾಗಿ ಬೀಳುತ್ತದೆ. ಗಾಳಿ ತುಂಬಿದ ಶ್ವಾಸಕೋಶಗಳು ಕಿರಣವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟುಕೊಡುತ್ತವೆ. ಕಿರಣ ಬಿದ್ದ ಕಡೆ ಫಿಲ್ಮು ಕಪ್ಪಾಗುವುದರಿಂದ ಶ್ವಾಸಕೋಶವು ಕಪ್ಪಾಗಿಯೂ ಎಲುಬು ಬಿಳುಪಾಗಿಯೂ ನಮಗೆ ತೋರುವುದು.

ಈ ಎರಡು ಕಪ್ಪು ಹೊಲಗಳ ನಡುವೆ ಹೃದಯವು ಒಂದು ಬಿಳಿಯ ರಾಶಿಯಂತೆ ಕಾಣುತ್ತದೆ. ಅದರ ಅಂಚನ್ನು ಅಳೆಯಬಹುದು. ಬೆಳೆದ ಮನುಷ್ಯನಲ್ಲಿ ಹೃದಯದ ನೆರಳಿನ ಅಗಲವು ಎದೆಗೂಡಿನ ಒಳ ಅಗಲದಲ್ಲಿ ಅರ್ಧವನ್ನು ಮೀರಿದರೆ, ಹೃದಯವು ದೊಡ್ಡದಾಗಿರಬಹುದೆಂದು ವೈದ್ಯರು ಶಂಕಿಸುವರು. ಶ್ವಾಸಕೋಶದಲ್ಲಿ ನೀರು ನಿಂತಿದ್ದರೆ ಅದೂ ತಿಳಿಯುವುದು. ಆದರೆ ಸಾಮಾನ್ಯ ಚಿತ್ರವು ಇಲ್ಲಿಗೆ ನಿಲ್ಲುತ್ತದೆ. ಹೃದಯದ ಮಾಂಸವೂ ಅದರೊಳಗಿನ ರಕ್ತವೂ ರಕ್ತವನ್ನು ಹೊತ್ತ ನಾಳವೂ ಕಿರಣಕ್ಕೆ ಬಹುಮಟ್ಟಿಗೆ ಒಂದೇ. ನೀರಿನಲ್ಲಿ ನೀರಿನ ಗೆರೆಯನ್ನು ಎಳೆದಂತೆ ಎಲ್ಲವೂ ಒಂದೇ ಬಿಳುಪಿನಲ್ಲಿ ಲೀನವಾಗಿಬಿಡುವುದು.

ಆದರೆ ಪ್ರಾಣವು ನಿಂತಿರುವುದು ಆ ಕಾಣದ ನಾಳಗಳ ಮೇಲೆಯೇ. ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಇಷ್ಟು ದುಡಿಯುವ ಮಾಂಸಖಂಡಕ್ಕೆ ಆಹಾರ ಬೇಕು. ತನ್ನ ಕೋಣೆಗಳಲ್ಲಿ ಸದಾ ರಕ್ತ ತುಂಬಿದ್ದರೂ, ಆ ರಕ್ತದಿಂದ ಹೃದಯವು ನೇರವಾಗಿ ಹೀರಿಕೊಳ್ಳುವುದು ಅತ್ಯಲ್ಪ. ಕೆರೆ ತುಂಬಿದ್ದರೂ ತೂಬಿನಿಂದ ಹೊರಟ ಕಾಲುವೆ ಹೂಳಿಹೋದರೆ ಏರಿಯ ಕೆಳಗಿನ ಗದ್ದೆಯೇ ಒಣಗುವುದಲ್ಲವೆ? ಹಾಗೆಯೇ ಇಲ್ಲಿ. ಮಹಾಧಮನಿಯು ಹೃದಯದಿಂದ ಹೊರಡುವ ಬುಡದಲ್ಲಿಯೇ ಎರಡು ಕವಲುಗಳು ಒಡೆದು, ಕಿರೀಟದಂತೆ ಹೃದಯವನ್ನು ಸುತ್ತಿಕೊಳ್ಳುತ್ತವೆ. ಇವೇ ಕಿರೀಟಧಮನಿಗಳು. ಬಲಗಡೆಯದು ಒಂದು, ಎಡಗಡೆಯದು ಸ್ವಲ್ಪ ದೂರ ಹೋಗಿ ಎರಡಾಗಿ, ಒಂದು ಹೃದಯದ ಮುಂಭಾಗದಲ್ಲಿ ಇಳಿಯುವುದು, ಮತ್ತೊಂದು ಹಿಂದಕ್ಕೆ ಬಳಸಿ ಹೋಗುವುದು. ಇವುಗಳ ಒಳ ಅಗಲ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರು ಮಾತ್ರ. ಈ ಕಿರಿದಾದ ಕಾಲುವೆಯ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ದಾರಿ ಕಿರಿದಾದರೆ ನಡೆಯುವಾಗ, ಮೆಟ್ಟಲು ಹತ್ತುವಾಗ ಎದೆ ಬಿಗಿಯುವುದು. ಆ ಕೊಬ್ಬಿನ ಪದರವು ಬಿರಿದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ, ಅದರ ಪಾಲಿನ ಹೃದಯಮಾಂಸವು ಸಾಯಲಾರಂಭಿಸುವುದು. ಹೃದಯಾಘಾತವೆಂದರೆ ಸಾಮಾನ್ಯವಾಗಿ ಇದೇ.

ಕಾಣದ ನಾಳವನ್ನು ಕಾಣಿಸುವುದಕ್ಕೆ ಉಪಾಯವೊಂದೇ. ಅದರೊಳಗಿನ ರಕ್ತಕ್ಕೆ, ಕಿರಣವನ್ನು ತಡೆಯಬಲ್ಲ ಭಾರವಾದ ಪದಾರ್ಥವೊಂದನ್ನು ಬೆರಸಬೇಕು. ರೋಂಟ್ಗೆನ್‌ರ ಶೋಧವು ಪ್ರಕಟವಾದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾ ನಗರದ ಹಾಷೆಕ್ ಮತ್ತು ಲಿಂಡೆನ್‌ತಾಲ್ ಎಂಬುವರು ಶವದ ಕೈಯೊಂದರ ನಾಳಗಳಲ್ಲಿ ಸುಣ್ಣ ಮೊದಲಾದುವುಗಳ ಮಿಶ್ರಣವನ್ನು ತುಂಬಿ ಚಿತ್ರ ತೆಗೆದರು. ಬೇರು ಬಿಟ್ಟ ಮರದಂತೆ ಧಮನಿಗಳು ಮೂಡಿದುವು. ಆದರೆ ಜೀವಂತ ಮನುಷ್ಯನ ರಕ್ತಕ್ಕೆ ಅಂತಹ ದ್ರವ್ಯವನ್ನು ಸೇರಿಸಿದರೆ ಪ್ರಾಣಕ್ಕೇ ಮುಳುವಾಗುವುದು. ಕಿರಣವನ್ನು ತಡೆಯುವಷ್ಟು ಭಾರವಾಗಿಯೂ ದೇಹವು ಸಹಿಸುವಷ್ಟು ಸಾಧುವಾಗಿಯೂ ಇರುವ ವಸ್ತುವಿಗಾಗಿ ಹುಡುಕಾಟವು ನಡೆದು, ಕೊನೆಗೆ ಐಯೊಡೀನ್ ಎಂಬ ಮೂಲವಸ್ತುವಿನ ಸಂಯುಕ್ತಗಳಲ್ಲಿ ಅದು ದೊರೆಯಿತು. ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ ಎಗಾಸ್ ಮೊನಿಜ್ ಎಂಬ ವೈದ್ಯರು 1927ರಲ್ಲಿ ಜೀವಂತ ರೋಗಿಯ ಮಿದುಳಿನ ಧಮನಿಗಳನ್ನು ಹೀಗೆಯೇ ಕಾಣಿಸಿದರು.

ಮಿದುಳಿನ ದಾರಿ ಕತ್ತಿನಲ್ಲಿ ಸಿಕ್ಕುವುದು. ಹೃದಯಕ್ಕೆ ದಾರಿ ಯಾವುದು? ಹೃದಯವನ್ನು ಮುಟ್ಟಿದರೆ ಮರಣವೆಂಬ ಭಯ ವೈದ್ಯರಲ್ಲಿ ದೃಢವಾಗಿದ್ದ ಕಾಲವದು. ಬರ್ಲಿನ್ನಿಗೆ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನಿದ್ದನು. ಫ್ರೆಂಚ್ ಶಾಸ್ತ್ರಜ್ಞರು ಕುದುರೆಯ ಕತ್ತಿನ ಸಿರೆಯ ಮೂಲಕ ಅದರ ಹೃದಯಕ್ಕೆ ನಳಿಕೆಯನ್ನು ಕಳುಹಿಸಿದ್ದನ್ನು ಆತನು ಓದಿದ್ದನು. ಕುದುರೆ ಸಹಿಸಿದುದನ್ನು ಮನುಷ್ಯನೇಕೆ ಸಹಿಸಲಾರನು? ಮೇಲಧಿಕಾರಿಯು ಅಪ್ಪಣೆ ಕೊಡಲಿಲ್ಲ. 1929ರಲ್ಲಿ ಫೋರ್ಸ್‌ಮನ್ನನು ತನ್ನ ಎಡತೋಳಿನ ಸಿರೆಯನ್ನು ತಾನೇ ತೆರೆದು, ಮೂತ್ರನಾಳಕ್ಕೆಂದು ಮಾಡಿದ್ದ ಸಪೂರವಾದ ರಬ್ಬರ್ ನಳಿಕೆಯನ್ನು ಒಳಕ್ಕೆ ತೂರಿಸಿ, ಹಾಗೆಯೇ ಕ್ಷ-ಕಿರಣದ ಕೋಣೆಗೆ ನಡೆದುಹೋದನು. ದಾದಿಯೊಬ್ಬಳು ಹಿಡಿದ ಕನ್ನಡಿಯಲ್ಲಿ ಪರದೆಯ ನೆರಳನ್ನು ನೋಡುತ್ತ, 65 ಸೆಂಟಿಮೀಟರು ಉದ್ದದ ನಳಿಕೆಯನ್ನು ಹೃದಯದ ಬಲಕೋಣೆಯವರೆಗೆ ಮುಟ್ಟಿಸಿ ಚಿತ್ರ ತೆಗೆಯಿಸಿದನು. ಆತನಿಗೆ ಏನೂ ಆಗಲಿಲ್ಲ.

ಆದರೆ ಲೋಕವು ಈ ಸಾಹಸವನ್ನು ಮೆಚ್ಚಲಿಲ್ಲ. ಆತನು ಹೃದಯದ ವಿಚಾರವನ್ನೇ ಬಿಟ್ಟು ಮೂತ್ರರೋಗಗಳ ಚಿಕಿತ್ಸೆಯಲ್ಲಿ ತೊಡಗಬೇಕಾಯಿತು. ನ್ಯೂಯಾರ್ಕಿನ ಕೂರ್ನಾ ಮತ್ತು ರಿಚರ್ಡ್ಸ್ ಎಂಬ ವೈದ್ಯರು 1940ರ ದಶಕದಲ್ಲಿ ಅದೇ ಮಾರ್ಗವನ್ನು ಶಾಸ್ತ್ರೀಯವಾಗಿ ಬೆಳೆಸಿ, ಹೃದಯದ ಕೋಣೆಗಳ ಒತ್ತಡವನ್ನು ಅಳೆದರು. 1956ರಲ್ಲಿ ಮೂವರಿಗೂ ಸೇರಿ ನೊಬೆಲ್ ಬಹುಮಾನ ದೊರೆತಾಗ, ಫೋರ್ಸ್‌ಮನ್ನನು ಜರ್ಮನಿಯ ಬಾಡ್ ಕ್ರೊಯಿಟ್ಸ್‌ನಾಖ್ ಎಂಬ ಊರಿನಲ್ಲಿ ಸಾಧಾರಣ ವೈದ್ಯನಾಗಿದ್ದನು.

ಹೃದಯದ ಕೋಣೆಗಳವರೆಗೆ ದಾರಿ ಸಿಕ್ಕಿತು. ಕಿರೀಟಧಮನಿಗಳು ಮಾತ್ರ ಇನ್ನೂ ದೂರವಿದ್ದವು. ಆ ಚಿಕ್ಕ ನಾಳಕ್ಕೆ ನೇರವಾಗಿ ಔಷಧದ್ರವವನ್ನು ಬಿಟ್ಟರೆ ಹೃದಯವು ಕಂಪಿಸಿ ನಿಂತೇಹೋಗುವುದೆಂದು ಎಲ್ಲರೂ ನಂಬಿದ್ದರು. 1958ರ ಅಕ್ಟೋಬರ್ 30ರಂದು ಅಮೆರಿಕಾ ದೇಶದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರು 26 ವರ್ಷದ ರೋಗಿಯೊಬ್ಬನ ಮಹಾಧಮನಿಗೆ ದ್ರವವನ್ನು ಬಿಡಲು ಸಿದ್ಧರಾದರು. ದ್ರವವು ಹೊರಡುವ ವೇಳೆಗೆ ನಳಿಕೆಯ ತುದಿಯು ಜಾರಿ ಬಲ ಕಿರೀಟಧಮನಿಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ಸುಮಾರು 30 ಮಿಲಿಲೀಟರು ದ್ರವ ಆ ಒಂದೇ ನಾಳದಲ್ಲಿ ತುಂಬಿತು. ರೋಗಿಯ ಹೃದಯವು ಬಡಿಯುವುದನ್ನು ನಿಲ್ಲಿಸಿತು. ಸೋನ್ಸರು ರೋಗಿಗೆ ಕೆಮ್ಮುವಂತೆ ಕೂಗಿ ಹೇಳಿದರು. ಆತನು ಕೆಮ್ಮಿದನು, ಕೆಮ್ಮಿನ ಒತ್ತಡಕ್ಕೆ ದ್ರವವು ಸರಿದುಹೋಗಿ ಹೃದಯವು ಮತ್ತೆ ಬಡಿಯತೊಡಗಿತು. ಸಿಕ್ಕಿಬಿದ್ದ ಆ ಚಿತ್ರದಲ್ಲಿ ಧಮನಿಯು ಅದುವರೆಗೆ ಯಾರೂ ಕಾಣದಷ್ಟು ಸ್ಫುಟವಾಗಿತ್ತು. ಅಷ್ಟು ದ್ರವವನ್ನೇ ಹೃದಯವು ಸಹಿಸಿದರೆ, ಅದಕ್ಕಿಂತ ಬಹಳ ಕಡಿಮೆಯದನ್ನು ನಿರ್ಭಯವಾಗಿ ಸಹಿಸುವುದೆಂದು ಸೋನ್ಸರು ತರ್ಕಿಸಿದರು. ಆಕಸ್ಮಿಕವು ಎಲ್ಲರಿಗೂ ಒದಗುವುದು. ಅದರಿಂದ ಪಾಠ ಕಲಿಯುವವರು ವಿರಳ.

ಇಂದು ಈ ಪರೀಕ್ಷೆಯು ನಡೆಯುವ ಕ್ರಮ ಹೀಗಿದೆ. ರೋಗಿಯನ್ನು ಮೇಜಿನ ಮೇಲೆ ಮಲಗಿಸುವರು. ಆತನಿಗೆ ಎಚ್ಚರವಿರುತ್ತದೆ; ಚರ್ಮವನ್ನು ಮಾತ್ರ ಮರಗಟ್ಟಿಸುವರು. ಮಣಿಕಟ್ಟಿನ ಅಥವಾ ತೊಡೆಯ ಸಂದಿನ ಧಮನಿಗೆ ಸೂಜಿಯನ್ನು ಚುಚ್ಚಿ, ಸೂಜಿಯೊಳಗಿನಿಂದ ನುಣುಪಾದ ತಂತಿಯನ್ನು ಕಳುಹಿಸಿ, ಸೂಜಿಯನ್ನು ತೆಗೆದು, ತಂತಿಯ ಮೇಲೆ ನಳಿಕೆಯನ್ನು ಜಾರಿಸುವರು. ನಾಳವನ್ನು ಕೊಯ್ದು ತೆರೆಯುವ ಅಗತ್ಯವನ್ನೇ ತಪ್ಪಿಸಿದ ಈ ಸರಳ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ ಎಂಬುವರು 1953ರಲ್ಲಿ ಪ್ರಕಟಿಸಿದರು. ಮಣಿಕಟ್ಟಿನ ದಾರಿಯನ್ನು ಕೆನಡಾದ ಕಾಂಪೊ ಎಂಬ ವೈದ್ಯರು 1989ರಲ್ಲಿ ತೋರಿಸಿದ ಮೇಲೆ, ರೋಗಿಯು ಪರೀಕ್ಷೆಯಾದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಕೂರುವಂತಾಯಿತು. ನಳಿಕೆಯು ಧಮನಿಯೊಳಗೆ ಸಾಗುವಾಗ ನೋವಾಗುವುದಿಲ್ಲ. ನಾಳದ ಒಳಗೋಡೆಗೆ ಸ್ಪರ್ಶಜ್ಞಾನವಿಲ್ಲ. ತುದಿಯು ಕಿರೀಟಧಮನಿಯ ಬಾಯನ್ನು ಸೇರಿದೊಡನೆ ಕೆಲವೇ ಮಿಲಿಲೀಟರು ದ್ರವವನ್ನು ಬಿಟ್ಟು, ಚಲನಚಿತ್ರದಂತೆ ಒಂದರಮೇಲೊಂದು ಚಿತ್ರವನ್ನು ತೆಗೆಯುವರು. ನೆರಳು ಒಂದು ಕಡೆಯಿಂದ ಮೋಸಮಾಡಬಹುದಾದುದರಿಂದ, ಯಂತ್ರವನ್ನು ಎದೆಯ ಸುತ್ತ ತಿರುಗಿಸಿ ಹಲವು ಕೋನಗಳಿಂದ ನೋಡುವರು. ಕವಲೊಡೆದ ಕರಿಯ ಬಳ್ಳಿಯಂತೆ ಧಮನಿಯು ಪರದೆಯ ಮೇಲೆ ಮೂಡಿ, ಎರಡು ಮೂರು ಬಡಿತಗಳಲ್ಲಿ ಮಾಯವಾಗುವುದು. ಕಿರಿದಾದ ಸ್ಥಳದಲ್ಲಿ ಬಳ್ಳಿಗೆ ದಾರ ಬಿಗಿದಂತೆ ತೋರುವುದು.

ನಾಳವು ಕಂಡುದರಿಂದ ಚಿಕಿತ್ಸೆಯೂ ಹುಟ್ಟಿತು. ತಡೆಯು ಎಲ್ಲಿದೆಯೆಂದು ತಿಳಿದುದರಿಂದಲೇ 1967ರಲ್ಲಿ ಅದೇ ಕ್ಲೀವ್‌ಲ್ಯಾಂಡಿನಲ್ಲಿ ಫವಲೊರೊ ಎಂಬ ಶಸ್ತ್ರವೈದ್ಯರು ಕಾಲಿನ ಸಿರೆಯನ್ನು ತೆಗೆದು, ತಡೆಯನ್ನು ಬಳಸಿ ಹೋಗುವ ಹೊಸ ಕಾಲುವೆಯನ್ನು ಹೊಲಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್ ನಗರದಲ್ಲಿ ಗ್ರುಂಟ್ಸಿಗ್ ಎಂಬುವರು ನಳಿಕೆಯ ತುದಿಯ ಚಿಕ್ಕ ಬುಗ್ಗೆಯನ್ನು ಉಬ್ಬಿಸಿ, ಎಚ್ಚರವಾಗಿದ್ದ ರೋಗಿಯ ಕಿರೀಟಧಮನಿಯ ಇಕ್ಕಟ್ಟನ್ನು ಅಗಲಿಸಿದರು. ಹೀಗೆ ಅಗಲಿಸಿದ ದಾರಿ ಮತ್ತೆ ಕುಸಿಯದಂತೆ ಲೋಹದ ಜಾಲರಿಯನ್ನು, ಎಂದರೆ ಸ್ಟೆಂಟನ್ನು, ಇಡುವ ಪದ್ಧತಿಯು 1986ರಲ್ಲಿ ಆರಂಭವಾಯಿತು. ಹೃದಯಾಘಾತದ ವೇಳೆಯಲ್ಲಿ ಇದರ ಉಪಕಾರ ಅಪಾರವಾದುದು. ಪೂರ್ತಿ ಮುಚ್ಚಿದ ನಾಳವನ್ನು, ರೋಗಿಯು ಆಸ್ಪತ್ರೆಯನ್ನು ಸೇರಿದ 90 ನಿಮಿಷಗಳೊಳಗೆ ತೆರೆಯಬೇಕೆಂಬುದು ವೈದ್ಯರ ಗುರಿ. ಅಲ್ಲಿ ಪ್ರತಿಯೊಂದು ನಿಮಿಷವೂ ಹೃದಯಮಾಂಸದ ಬೆಲೆ.

ಇಲ್ಲಿಯವರೆಗೆ ಚಿತ್ರದ ಮಹಿಮೆಯನ್ನು ಹೇಳಿದುದಾಯಿತು. ಇನ್ನು ಅದರ ಮಿತಿಯನ್ನು ಹೇಳಬೇಕು. ಆಂಜಿಯೋಗ್ರಾಮಿನಲ್ಲಿ ಕಾಣುವುದು ಧಮನಿಯಲ್ಲ. ಧಮನಿಯೊಳಗೆ ಹರಿಯುವ ದ್ರವದ ನೆರಳು. ಕಾಲುವೆಯ ನೀರು ಕಾಣುತ್ತದೆ, ದಡದೊಳಗಿನ ಬಿರುಕು ಕಾಣುವುದಿಲ್ಲ. ಗ್ಲಾಗೊವ್ ಎಂಬ ಶಾಸ್ತ್ರಜ್ಞರೂ ಅವರ ಸಂಗಡಿಗರೂ 1987ರಲ್ಲಿ ತೋರಿಸಿದಂತೆ, ಗೋಡೆಯಲ್ಲಿ ಕೊಬ್ಬು ಸೇರತೊಡಗಿದಾಗ ಧಮನಿಯು ಮೊದಲು ಹೊರಮುಖವಾಗಿ ಹಿಗ್ಗಿ ಒಳದಾರಿಯನ್ನು ಕಾಪಾಡಿಕೊಳ್ಳುತ್ತದೆ. ರೋಗವು ಸಾಕಷ್ಟು ಬಲಿತ ಮೇಲೆಯೇ ದಾರಿ ಕಿರಿದಾಗುವುದು. ಆದಕಾರಣ ಚಿತ್ರವು ಚೊಕ್ಕಟವಾಗಿದ್ದರೂ ಗೋಡೆಯಲ್ಲಿ ರೋಗವಿರಬಹುದು. ಅಲ್ಪವೆಂದು ಕಂಡ ಕೊಬ್ಬಿನ ಪದರವೇ ಒಂದು ದಿನ ಬಿರಿದು ಆಘಾತವನ್ನು ತರಬಹುದು.

ಇದಕ್ಕೆ ವಿರೋಧವಾದ ಮತ್ತೊಂದು ಸಂಗತಿಯೂ ಉಂಟು. ನೋಟಕ್ಕೆ ಭಯಂಕರವಾಗಿ ತೋರಿದ ಇಕ್ಕಟ್ಟು ಎಷ್ಟೋ ವೇಳೆ ರಕ್ತದ ಹರಿವನ್ನು ಹೆಚ್ಚಾಗಿ ತಡೆದಿರುವುದಿಲ್ಲ. ಅದನ್ನು ನಿರ್ಧರಿಸಲು ಒತ್ತಡವನ್ನು ಅಳೆಯುವ ಸೂಕ್ಷ್ಮ ತಂತಿಯನ್ನು ತಡೆಯ ಆಚೆಗೆ ಕಳುಹಿಸುವರು. ಔಷಧದಿಂದ ಹರಿವನ್ನು ಹೆಚ್ಚಿಸಿದಾಗ, ತಡೆಯ ಆಚೆಯ ಒತ್ತಡವು ಈಚೆಯ ಒತ್ತಡದ 100ರಲ್ಲಿ 80 ಪಾಲಿಗಿಂತ ಹೆಚ್ಚಾಗಿದ್ದರೆ, ಆ ತಡೆಯನ್ನು ಸಾಮಾನ್ಯವಾಗಿ ಔಷಧದಿಂದಲೇ ನೋಡಿಕೊಳ್ಳಬಹುದು. 2007ರಲ್ಲಿಯೂ 2020ರಲ್ಲಿಯೂ ಪ್ರಕಟವಾದ ಎರಡು ದೊಡ್ಡ ಪರಿಶೋಧನೆಗಳಿಂದ ತಿಳಿದುಬಂದುದು ಇದು: ಸ್ಥಿರವಾದ ಎದೆನೋವುಳ್ಳವರಿಗೆ ಒಳ್ಳೆಯ ಔಷಧೋಪಚಾರದ ಜೊತೆಗೆ ಮೊದಲೇ ಧಮನಿಯನ್ನು ತೆರೆದುದರಿಂದ ನೋವು ಕಡಿಮೆಯಾಗಬಹುದು, ಆದರೆ ಔಷಧೋಪಚಾರದಿಂದಲೇ ಆರಂಭಿಸಿದವರಿಗಿಂತ ಸಾವಿನ ಸಂಖ್ಯೆ ಕಡಿಮೆಯಾದುದು ಕಂಡುಬರಲಿಲ್ಲ. ಎಡಧಮನಿಯ ಮೂಲಕಾಂಡದಲ್ಲಿಯೇ ತಡೆಯಿದ್ದರೆ, ಇಲ್ಲವೆ ಹೃದಯವು ಬಹಳ ದುರ್ಬಲವಾಗಿದ್ದರೆ ಮಾತು ಬೇರೆ. ಹೃದಯಾಘಾತದ ಮಾತಂತೂ ಪೂರ್ತಿಯಾಗಿ ಬೇರೆ.

ನಳಿಕೆಯನ್ನು ಒಳಗೆ ಕಳುಹಿಸದೆಯೇ ಧಮನಿಗಳನ್ನು ಕಾಣುವ ಮಾರ್ಗವೂ ಇದೆ. ಇಂಗ್ಲೆಂಡಿನ ಹೌನ್ಸ್‌ಫೀಲ್ಡರು ರಚಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮಿದುಳನ್ನು ಪರೀಕ್ಷಿಸಿದರು. ಕ್ಷ-ಕಿರಣವು ದೇಹವನ್ನು ಸುತ್ತಿಬರುತ್ತ ಸಾವಿರಾರು ಕಡೆಗಳಿಂದ ಅಳತೆ ತೆಗೆಯುವುದು. ಗಣಕಯಂತ್ರವು ಆ ಅಳತೆಗಳನ್ನು ಕೂಡಿಸಿ, ಹಲಸಿನ ಹಣ್ಣನ್ನು ಅಡ್ಡಲಾಗಿ ಕೊಯ್ದು ತೋರಿಸಿದಂತೆ ಒಳಗಿನ ಪದರಗಳನ್ನು ತೋರಿಸುವುದು. ಇದೇ ಸಿ.ಟಿ. ಪರೀಕ್ಷೆ. ಹೌನ್ಸ್‌ಫೀಲ್ಡರೂ ಅದರ ಗಣಿತವನ್ನು ಸ್ವತಂತ್ರವಾಗಿ ರೂಪಿಸಿದ ಕಾರ್ಮಾಕ್ ಎಂಬುವರೂ 1979ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಕದಲದ ಮಿದುಳಿಗೆ ಸಾಲುತ್ತಿದ್ದ ಆ ನಿಧಾನ ಯಂತ್ರವು ಎಡೆಬಿಡದೆ ಕದಲುವ ಹೃದಯಕ್ಕೆ ಸಾಲದು. ಯಂತ್ರದ ವೇಗವು ಹೆಚ್ಚಿ, ಒಂದೇ ಸುತ್ತಿನಲ್ಲಿ 64 ಪದರಗಳನ್ನು ತೆಗೆಯುವಂತಾದುದು 2004ರ ಸುಮಾರಿಗೆ. ಹೃದಯದ ವಿದ್ಯುತ್‌ಲೇಖನದ ಜೊತೆಗೆ ಯಂತ್ರವನ್ನು ಹೊಂದಿಸಿ, ಎರಡು ಬಡಿತಗಳ ನಡುವೆ ಹೃದಯವು ತುಸು ವಿಶ್ರಮಿಸುವ ಕ್ಷಣವನ್ನು ಹಿಡಿಯುವರು. ಅದಕ್ಕಾಗಿಯೇ ರೋಗಿಯ ನಾಡಿಯನ್ನು ಔಷಧದಿಂದ ನಿಧಾನಗೊಳಿಸಿ, ಕೆಲವು ಸೆಕೆಂಡು ಉಸಿರು ಹಿಡಿಯುವಂತೆ ಹೇಳುವುದು. ಐಯೊಡೀನ್ ದ್ರವವನ್ನು ತೋಳಿನ ಸಿರೆಗೆ ಕೊಟ್ಟರೆ ಸಾಕು.

ಈ ಪರೀಕ್ಷೆಯಲ್ಲಿ ಹರಿವಿನ ದಾರಿ ಮಾತ್ರವಲ್ಲದೆ ಗೋಡೆಯ ಕೊಬ್ಬೂ ಸುಣ್ಣವೂ ಕಾಣುವುವು. ರೋಗದ ಸಂಭವ ಕಡಿಮೆಯಿದ್ದವನಲ್ಲಿ ಧಮನಿಗಳು ನಿರ್ಮಲವಾಗಿ ಕಂಡರೆ, ಎದೆನೋವಿಗೆ ಕಾರಣವು ಬಹುತರವಾಗಿ ಬೇರೆಯೆಂದು ಧೈರ್ಯವಾಗಿ ಹೇಳಬಹುದು. ಆದರೆ ಗೋಡೆಯಲ್ಲಿ ಸುಣ್ಣವು ಬಹಳವಾಗಿದ್ದರೆ ಅದರ ಹೊಳಪಿನಲ್ಲಿ ದಾರಿಯು ಮಸುಕಾಗುವುದು. ತಡೆಯು ಇರುವುದಕ್ಕಿಂತ ಹೆಚ್ಚಾಗಿ ತೋರುವುದು. ಬುಗ್ಗೆಯನ್ನಿಟ್ಟು ಒಡನೆಯೇ ಚಿಕಿತ್ಸೆ ಮಾಡುವುದೂ ಇಲ್ಲಿ ಸಾಧ್ಯವಿಲ್ಲ.

ಅಪಾಯಗಳ ಮಾತನ್ನೂ ಮುಚ್ಚಿಡಬಾರದು. ಕ್ಷ-ಕಿರಣವು ಜೀವಕೋಶಗಳಿಗೆ ಹಾನಿ ಮಾಡಬಲ್ಲದು. ಅದರ ಅಳತೆಯನ್ನು ಮಿಲಿಸೀವರ್ಟ್ ಎಂಬ ಮಾನದಿಂದ ಹೇಳುವರು. ಮಣ್ಣು, ಗಾಳಿ, ಆಕಾಶಗಳಿಂದ ಸಹಜವಾಗಿಯೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುವುದು. ಸಾಮಾನ್ಯ ಎದೆಚಿತ್ರದಿಂದ ಬರುವುದು 0.1ಕ್ಕಿಂತ ಹೆಚ್ಚಲ್ಲ, ಆಂಜಿಯೋಗ್ರಾಮಿನಿಂದ ಸುಮಾರು 5ರಿಂದ 10. ಅಗತ್ಯವಿದ್ದಾಗ ಇದು ದೊಡ್ಡ ಬೆಲೆಯಲ್ಲ. ಕೇವಲ ಕುತೂಹಲಕ್ಕೆ ತೆರತಕ್ಕ ಬೆಲೆಯೂ ಅಲ್ಲ. ಐಯೊಡೀನ್ ದ್ರವವು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಅವು ಕೆಟ್ಟಿರುವವರಿಗೆ ತೊಂದರೆಯಾಗಬಹುದು. ಸಕ್ಕರೆ ಕಾಯಿಲೆಯವರು ತಾವು ತೆಗೆದುಕೊಳ್ಳುವ ಗುಳಿಗೆಗಳನ್ನೂ, ಹಿಂದೆ ಇಂತಹ ದ್ರವದಿಂದ ಮೈಯಲ್ಲಿ ದದ್ದು ಅಥವಾ ಉಬ್ಬಸ ಬಂದವರು ಆ ಸಂಗತಿಯನ್ನೂ, ಗರ್ಭಿಣಿಯರು ತಮ್ಮ ಸ್ಥಿತಿಯನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು. ನಳಿಕೆಯ ಪರೀಕ್ಷೆಯಲ್ಲಿ ಚುಚ್ಚಿದ ಸ್ಥಳದಲ್ಲಿ ರಕ್ತ ಕಟ್ಟುವುದುಂಟು. ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಘೋರ ಅಪಾಯಗಳು ನೂರಕ್ಕೆ ಒಂದಕ್ಕಿಂತ ಕಡಿಮೆ, ಇಲ್ಲವೆಂದಲ್ಲ.

ಇದೆಲ್ಲದರಿಂದ ನಾವು ತಿಳಿಯಬೇಕಾದುದೇನು? ಎದೆಯ ನಡುವೆ ಭಾರವಿಟ್ಟಂತೆ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಬೆವರು, ಉಸಿರು ಸಾಲದಿರುವುದು: ಇವು ಕೂಡಿ ಬಂದು ಕೆಲವು ನಿಮಿಷಗಳಲ್ಲಿ ಶಮನವಾಗದಿದ್ದರೆ, ವಾಯುವೆಂದು ಕಷಾಯ ಕುಡಿದು ಕೂಡಬಾರದು, ಆ ಕೂಡಲೆ ಆಸ್ಪತ್ರೆಗೆ ಹೊರಡಬೇಕು. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಕಲಬುರಗಿಯಲ್ಲಿಯೂ ಇರುವ ಜಯದೇವ ಹೃದ್ರೋಗ ಸಂಸ್ಥೆಯಂತಹ ಸ್ಥಳಗಳಲ್ಲಿ ಮುಚ್ಚಿದ ಧಮನಿಯನ್ನು ತೆರೆಯುವ ಅನುಕೂಲವುಂಟು. ಅನುಕೂಲವಿದ್ದು ಫಲವೇನು, ರೋಗಿಯು ಹೊತ್ತು ಮೀರಿ ಬಂದರೆ? ತುರ್ತಿಲ್ಲದ ಸ್ಥಿತಿಯಲ್ಲಾದರೋ, ಚಿತ್ರವನ್ನು ನೋಡಿ ಬೆದರದೆ, “ಈ ತಡೆಯು ಹರಿವನ್ನು ನಿಜವಾಗಿ ತಗ್ಗಿಸಿದೆಯೆ? ಔಷಧದಿಂದ ಸಾಲದೆ?” ಎಂದು ವಿನಯದಿಂದ ಕೇಳುವುದಕ್ಕೆ ರೋಗಿಗೆ ಹಕ್ಕುಂಟು. ಒಳ್ಳೆಯ ವೈದ್ಯನು ಆ ಪ್ರಶ್ನೆಯನ್ನು ಸ್ವಾಗತಿಸುವನು. ತಂಬಾಕನ್ನು ಬಿಡುವುದು, ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳನ್ನು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು: ಇವು ಚಿತ್ರದಲ್ಲಿ ಕಾಣದ ಗೋಡೆಯ ರೋಗಕ್ಕೂ ಮದ್ದು.

ನೆರಳನ್ನು ನೋಡಿ ವಸ್ತುವನ್ನು ಊಹಿಸುವುದು ದೊಡ್ಡ ವಿದ್ಯೆ. ನೆರಳೇ ವಸ್ತುವೆಂದು ಭ್ರಮಿಸದಿರುವುದು ಅದಕ್ಕಿಂತ ದೊಡ್ಡ ವಿವೇಕ.